ಫೋಟೊದಾಗಿನ ಮಂದಿಗೆ ಕತ್ತರಿ: ಫ್ಲೆಕ್ಸ್ ಅಂಗಡಿಯಿಂದ ಟ್ರೋಲ್ ಪೇಜಿನವರೆಗೆ

ಕೊಪ್ಪಳದ ಅಶೋಕ ವೃತ್ತದಲ್ಲೋ ಗಂಗಾವತಿಯ ಬಸ್ ನಿಲ್ದಾಣದ ಹತ್ತಿರವೋ ನಿಂತು ಒಂದು ಹುಟ್ಟುಹಬ್ಬದ ಫ್ಲೆಕ್ಸನ್ನು ಸಮಾಧಾನದಿಂದ ನೋಡಿ. ಮೇಲಿನ ಸಾಲಿನಲ್ಲಿ ದಿಲ್ಲಿಯವರು, ಅದರ ಕೆಳಗೆ ಬೆಂಗಳೂರಿನವರು, ನಟ್ಟನಡುವೆ ಕೈ ಮುಗಿದು ನಿಂತ ಊರಿನ ಮುಖಂಡರು, ಅಡಿಯಲ್ಲಿ ಅಂಚೆಚೀಟಿಯಷ್ಟು ದೊಡ್ಡ ಮುಖಗಳ 'ಶುಭ ಕೋರುವವರು'. ಇವರಲ್ಲಿ ಯಾರೂ ಒಂದೇ ದಿನ, ಒಂದೇ ಜಾಗದಲ್ಲಿ, ಒಂದೇ ಬಿಸಿಲಿನಲ್ಲಿ ನಿಂತವರಲ್ಲ. ಒಬ್ಬರಿಗೆ ಬೆಳಕು ಎಡದಿಂದ ಬಿದ್ದಿದೆ, ಪಕ್ಕದವರಿಗೆ ಬಲದಿಂದ. ಇನ್ನೊಬ್ಬರ ಭುಜದ ಮೇಲೆ ಯಾರದೋ ನಾಲ್ಕು ಬೆರಳು ಉಳಿದುಬಿಟ್ಟಿದೆ. ಬೆರಳಿನ ಮಾಲೀಕರು ಮಾತ್ರ ಫೋಟೊದಲ್ಲಿಲ್ಲ.

ಆ ಬೆರಳು ಕಂಡು ನಕ್ಕವರಿಗಾಗಿ ಈ ಲೇಖನ. ಫೋಟೊದಿಂದ ಮನುಷ್ಯರನ್ನು ಕತ್ತರಿಸಿ ಎತ್ತುವುದು, ಬೇರೆಡೆ ಅಂಟಿಸುವುದು, ಇಲ್ಲವೇ ಸದ್ದಿಲ್ಲದೆ ಅಳಿಸಿ ಹಾಕುವುದು ಇವತ್ತು ನಮ್ಮ ರಾಜಕೀಯದ ದಿನಗೂಲಿ ಕೆಲಸ. ಅದು ಎಲ್ಲಿಂದ ಬಂತು, ಹೇಗೆ ಆಗುತ್ತೆ, ಯಾವಾಗ ನಗು, ಯಾವಾಗ ಕೇಸು ಅನ್ನೋದನ್ನು ಒಂದೆಡೆ ಇಡುವ ಪ್ರಯತ್ನ ಇದು.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಪೊಲೀಸರು, ಟಿವಿಯವರು, ಪತ್ರಿಕೆಯವರು ಎಡಿಟ್ ಆದ ಯಾವ ಫೋಟೊಗೂ 'ಮಾರ್ಫ್' ಅಂದುಬಿಡುತ್ತಾರೆ. ಇದರಿಂದ ತಮಾಷೆ ಮಾಡಿದವನೂ ಮೋಸ ಮಾಡಿದವನೂ ಒಂದೇ ತಕ್ಕಡಿಗೆ ಬೀಳುತ್ತಾರೆ. ಕೆಲಸ ನಾಲ್ಕು ಬಗೆಯದ್ದು. ಫೋಟೊದ ಅಂಚನ್ನು ಕತ್ತರಿಸಿ ಬದಿಯವರನ್ನು ಹೊರಗೆ ಹಾಕಿದರೆ ಅದು ಕ್ರಾಪ್. ಒಬ್ಬರ ಆಕಾರವನ್ನು ಗೆರೆಗುಂಟ ಕತ್ತರಿಸಿ ಹಿನ್ನೆಲೆಯಿಂದ ಎತ್ತಿದರೆ ಕಟೌಟ್. ಒಬ್ಬರನ್ನು ತೆಗೆದು ಆ ಜಾಗಕ್ಕೆ ಗೋಡೆಯನ್ನೋ ಆಕಾಶವನ್ನೋ ತುಂಬಿ ಅವರು ಅಲ್ಲಿ ಇರಲೇ ಇಲ್ಲ ಅನ್ನಿಸಿದರೆ ಎರೇಸ್. ಒಂದು ಮುಖವನ್ನು ಇನ್ನೊಂದರೊಳಗೆ ಕರಗಿಸಿ ಬೆರೆಸಿದರೆ ಅದು ನಿಜವಾದ ಮಾರ್ಫ್.

'ಕಟೌಟ್' ಪದ ನಮಗೆ ಸಾಫ್ಟ್‌ವೇರಿಗಿಂತ ಮೊದಲು ಥಿಯೇಟರಿನಿಂದ ಬಂತು. ಹೀರೊನ ಆಳೆತ್ತರವನ್ನೂ ಮೀರಿದ ಚಿತ್ರ ಬರೆದು, ಆಕಾರಕ್ಕೆ ಸರಿಯಾಗಿ ಪ್ಲೈವುಡ್ ಕತ್ತರಿಸಿ, ಹಾರ ಹಾಕಿ ಹಾಲು ಸುರಿಯುತ್ತಿದ್ದರಲ್ಲ, ಅದು. ಆ ಹುಚ್ಚು ಈಗಲೂ ಜೀವ ತೆಗೆಯುತ್ತದೆ: ಪಕ್ಕದ ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಹುಡುಗರು ಕರೆಂಟ್ ತಗುಲಿ ಸತ್ತರು. ಈಗ 'ಏನ್ ಕಟೌಟ್ ಗುರು' ಅಂದರೆ ಮೈಕಟ್ಟಿನ ಮಾತು. ಎಡಿಟಿಂಗ್ ಮಾಡುವ ಹುಡುಗರ ಬಾಯಲ್ಲಿ ಅದೇ ಪದ ಪಿಎನ್‌ಜಿ ಫೈಲಿಗೂ ಸಲ್ಲುತ್ತದೆ: 'ಸಿದ್ದು ಕಟೌಟ್ ಐತೇನೋ, ಕಳ್ಸು.'

ಮೊರನಾಳದ ಚರ್ಮದ ಬೊಂಬೆ

ಆಕಾರ ಕತ್ತರಿಸಿ ಮಂದಿಯನ್ನು ನಗಿಸೋದು ಈ ಸೀಮೆಗೆ ಹೊಸದೇನಲ್ಲ. ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ತೊಂಬತ್ತು ದಾಟಿದ ವಯಸ್ಸು. ಅವರ ಕಲೆ ತೊಗಲು ಬೊಂಬೆಯಾಟ. ಚರ್ಮವನ್ನು ಬೆಳಕು ಹಾಯುವಷ್ಟು ಹದ ಮಾಡಿ, ಆಕೃತಿ ಕೊರೆದು, ಬಣ್ಣ ತುಂಬಿ, ಪರದೆಯ ಹಿಂದೆ ದೀಪ ಹಚ್ಚಿ ಆಡಿಸುತ್ತಾರೆ. ರಾಮಾಯಣ, ಮಹಾಭಾರತ ನಡೆಯುತ್ತಿರುವಾಗ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಊರಿನ ಹಿರೇರನ್ನೂ ಕಥೆಯ ರಾಜನನ್ನೂ ಒಂದೇ ಉಸಿರಿನಲ್ಲಿ ಚೇಷ್ಟೆ ಮಾಡಿ ಹೋಗುತ್ತಾರೆ. ಕತ್ತರಿಸಿದ ಆಕೃತಿ, ಅದಕ್ಕೆ ಸಂಬಂಧವೇ ಇಲ್ಲದ ಹಿನ್ನೆಲೆ, ಮೇಲೊಂದು ಕುಹಕದ ಮಾತು: ಇವತ್ತಿನ ಮೀಮ್‌ನಲ್ಲಿ ಇರೋದೂ ಇಷ್ಟೇ. ಗಂಗಾವತಿ ಪ್ರಾಣೇಶ್ ಅವರಂಥ ಹಾಸ್ಯಗಾರರನ್ನು ಕೊಟ್ಟ ನೆಲ ಇದು. ರಾಜಕಾರಣಿಯನ್ನು ಗೇಲಿ ಮಾಡೋದಕ್ಕೆ ಇಲ್ಲಿನವರಿಗೆ ಇಂಟರ್ನೆಟ್ ಬರಬೇಕಾಗಿರಲಿಲ್ಲ.

ಚರ್ಮ ಮತ್ತು ಮೊಬೈಲ್ ನಡುವೆ ಫೋಟೊ ಸ್ಟುಡಿಯೊ ಇದೆ. ಮದುವೆ ಆಲ್ಬಮ್ಮಿನಲ್ಲಿ ವಧು ವರರನ್ನು ತಾಜ್ ಮಹಲ್ ಮುಂದೆಯೋ, ಹಿಮದ ಗುಡ್ಡದ ಮೇಲೋ, ಹೃದಯದ ಆಕಾರದ ಗುಲಾಬಿ ನಡುವೆಯೋ ಇಟ್ಟವರು ಇವರೇ. ತೀರಿಹೋದ ಅಪ್ಪನ ಹಳೆಯ ಪಾಸ್‌ಪೋರ್ಟ್ ಫೋಟೊ ತಂದುಕೊಟ್ಟು 'ಅವ್ವನ ಬಾಜೂಕ ಕುಂದರ್ಸಿ ಕೊಡ್ರಿ' ಅಂದವರಿಗೆ, ಯಾರದೋ ಕೋಟಿನ ಮೇಲೆ ಆ ಮುಖ ಕೂರಿಸಿ ಚೌಕಟ್ಟು ಹಾಕಿ ಕೊಟ್ಟವರೂ ಇವರೇ. ಆ ಫೋಟೊ ಸುಳ್ಳು ಅಂತ ಮನೆಯವರಿಗೆಲ್ಲ ಗೊತ್ತು. ಅದಕ್ಕೇನೂ ಅಡ್ಡಿಯಾಗದೆ ಅದು ಗೋಡೆಯ ಮೇಲಿರುತ್ತದೆ, ದಿನಾ ಊದಿನಕಡ್ಡಿ ಬೆಳಗಿಸಿಕೊಳ್ಳುತ್ತದೆ. ಎಡಿಟಿಂಗ್ ಅಂದರೆ ಮೋಸ ಅಂತ ಸರಸರ ತೀರ್ಪು ಕೊಡುವವರು ಈ ಫೋಟೊವನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಕತ್ತರಿ ಅಗ್ಗವಾದ ಕಥೆ

ಥಾಮಸ್ ಮತ್ತು ಜಾನ್ ನೋಲ್ ಅನ್ನುವ ಅಮೆರಿಕದ ಅಣ್ಣ ತಮ್ಮಂದಿರು ಬರೆದ ಫೋಟೊಶಾಪ್ 1990ರ ಫೆಬ್ರವರಿಯಲ್ಲಿ ಅಡೋಬಿ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. ಕೈಯಿಂದ ಸುತ್ತುಗಟ್ಟಿ ಆರಿಸುವ ಲ್ಯಾಸೊ, ಒಂದೇ ಬಣ್ಣದ ಜಾಗವನ್ನು ಒಟ್ಟಿಗೆ ಹಿಡಿಯುವ ಮ್ಯಾಜಿಕ್ ವಾಂಡ್ ಅದರ ಹಳೆಯ ಅಸ್ತ್ರಗಳು. 1994ರಲ್ಲಿ ಲೇಯರ್ ಬಂದಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ಒಬ್ಬೊಬ್ಬರನ್ನೂ ಬೇರೆ ಬೇರೆ ಹಾಳೆಯ ಮೇಲಿಟ್ಟು ಹಿಂದೆ ಮುಂದೆ, ದೊಡ್ಡದು ಸಣ್ಣದು ಮಾಡಬಹುದಾಯಿತು. ನಮ್ಮ ಫ್ಲೆಕ್ಸ್ ರಾಜಕೀಯ ನಿಂತಿರೋದು ಈ ಒಂದು ಸೌಲಭ್ಯದ ಮೇಲೆ ಅಂದರೆ ತಪ್ಪಿಲ್ಲ. ಹಣ ಕೊಡಲಾಗದವರಿಗೆ 1996ರಲ್ಲಿ ಜಿಂಪ್ ಅನ್ನುವ ಮುಕ್ತ ತಂತ್ರಾಂಶ ಬಂತು. ನಮ್ಮ ಅಂಗಡಿಗಳಲ್ಲಿ ಮಾತ್ರ ಅದಕ್ಕೆ ಜಾಗ ಸಿಗಲಿಲ್ಲ. ಕತ್ತರಿಸಲು ಫೋಟೊಶಾಪ್, ಜೋಡಿಸಲು ಕೋರೆಲ್‌ಡ್ರಾ, ಅಕ್ಷರಕ್ಕೆ ನುಡಿ ಇಲ್ಲವೇ ಬರಹ ಅನ್ನೋದೇ ರೂಢಿ. ಆ ಫೋಟೊಶಾಪಿಗೆ ದುಡ್ಡು ಕೊಟ್ಟವರೆಷ್ಟು ಅಂತ ಕೇಳೋದು ಸಭ್ಯತೆಯಲ್ಲ.

ಕೂದಲನ್ನು ಸರಿಯಾಗಿ ಕತ್ತರಿಸೋದು ಆಗ ಕಸುಬು. ಪೆನ್ ಟೂಲ್ ಹಿಡಿದು ಕಿವಿಯ ಸುತ್ತ, ರುಮಾಲಿನ ಅಂಚಿನ ಸುತ್ತ ಬಿಂದು ಬಿಂದು ಇಡುತ್ತಾ ಒಬ್ಬರಿಗೆ ಹತ್ತು ಹದಿನೈದು ನಿಮಿಷ. 2018ರ ಕೊನೆಯಲ್ಲಿ ರಿಮೂವ್ ಬಿಜಿ ಅನ್ನುವ ವೆಬ್‌ಸೈಟ್ ಬಂದು ಅದನ್ನು ಕೆಲವೇ ಸೆಕೆಂಡಿಗೆ ಇಳಿಸಿತು. ಲಕ್ಷಾಂತರ ಫೋಟೊ ನೋಡಿ 'ಮನುಷ್ಯ ಎಲ್ಲಿ ಮುಗಿಯುತ್ತಾನೆ, ಗೋಡೆ ಎಲ್ಲಿ ಶುರುವಾಗುತ್ತದೆ' ಅಂತ ಕಲಿತ ಯಂತ್ರ ಅದು. ಅದೇ ವರ್ಷ ವಾಟ್ಸ್‌ಆ್ಯಪ್‌ಗೆ ಸ್ಟಿಕರ್ ಬಂತು. 2021ರಲ್ಲಿ ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಬೇಡದವರನ್ನು ಬೆರಳಿನಿಂದ ಉಜ್ಜಿ ಅಳಿಸುವ ಮ್ಯಾಜಿಕ್ ಎರೇಸರ್, 2022ರಲ್ಲಿ ಐಫೋನಿನಲ್ಲಿ ಫೋಟೊ ಒತ್ತಿ ಹಿಡಿದರೆ ಮನುಷ್ಯ ಮೇಲೆದ್ದು ಬರುವ ಸೌಲಭ್ಯ. ಕುಷ್ಟಗಿಯ ಪಿಯುಸಿ ಹುಡುಗಿಗೂ ಮಾಸ್ಕೋದ ಸೆನ್ಸಾರ್ ಅಧಿಕಾರಿಗೂ ಈಗ ಒಂದೇ ಕತ್ತರಿ.

ಫ್ಲೆಕ್ಸ್ ಅಂಗಡಿಯ ವ್ಯಾಕರಣ

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆದಾಗ ಇದ್ದ ತಾಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈಗ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳು. ತಾಲೂಕು ಕೇಂದ್ರ ಅಂದಮೇಲೆ ಅಲ್ಲಿ ಫ್ಲೆಕ್ಸ್ ಅಂಗಡಿ ಇರಲೇಬೇಕು. ಅಂದಹಾಗೆ 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲದ ಜೊತೆ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧಿಸಿದೆ. ನಿಷೇಧ ಮಾಡಿದ ಸರ್ಕಾರದ ಸಚಿವರನ್ನು ಸ್ವಾಗತಿಸಲೂ ಫ್ಲೆಕ್ಸೇ ಬೇಕು, ಅದು ಬೇರೆ ಮಾತು.

ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಇಂಥ ಮಾತು ಕಿವಿಗೆ ಬೀಳುತ್ತವೆ:

'ಅಣ್ಣಾ, ಸಾವ್ಕಾರ್ರ ಫೋಟೊ ಇನ್ನಾ ಸ್ವಲ್ಪ ದೊಡ್ಡದ್ ಮಾಡ್ರಿ. ಈ ಮೂಲ್ಯಾಗಿನವ್ರನ್ನ ಸಣ್ಣದ್ ಮಾಡಿದ್ರೂ ನಡೀತೈತಿ.'

'ಅವ್ರು ಸುಮ್ನ ಇರ್ತಾರೇನ್ರಿ?'

'ಇರ್ಲಿ ತಗೋರಿ, ಅವ್ರೇನ್ ರೊಕ್ಕ ಕೊಟ್ಟಿಲ್ಲ.'

ಯಾರು ಮೇಲೆ, ಯಾರು ಕೆಳಗೆ, ಯಾರ ಹೆಗಲು ಯಾರ ಮುಖಕ್ಕೆ ಅಡ್ಡ ಬರಬೇಕು ಅನ್ನೋದರಲ್ಲಿ ಆ ಊರಿನ ಜಾತಿ, ಹಣ, ಟಿಕೆಟ್ ಆಸೆ ಎಲ್ಲ ಇರುತ್ತವೆ. ಒಂದು ಮುಖ ಬಿಟ್ಟುಹೋದರೆ ಅದು ಮುದ್ರಣದ ತಪ್ಪು ಅಂತ ಯಾರೂ ನಂಬೋದಿಲ್ಲ. ನಂಬದೇ ಇರೋದಕ್ಕೆ ಕಾರಣವೂ ಇದೆ. 2022ರ ಗಣರಾಜ್ಯೋತ್ಸವದಂದು ರಾಯಚೂರಿನ ನ್ಯಾಯಾಲಯದ ಆವರಣದಲ್ಲಿ ಅಂಬೇಡ್ಕರ್ ಫೋಟೊ ತೆಗೆಸಲಾಯಿತು ಅನ್ನುವ ಆರೋಪಕ್ಕೆ ಕಲ್ಯಾಣ ಕರ್ನಾಟಕದ ಬೀದಿಗಳು ತುಂಬಿದವು, ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ದೊಡ್ಡ ಮೆರವಣಿಗೆಯೇ ನಡೆಯಿತು. ಅಲ್ಲಿ ಸಾಫ್ಟ್‌ವೇರ್ ಇರಲಿಲ್ಲ, ಒಂದು ಚೌಕಟ್ಟಷ್ಟೇ. ಫೋಟೊದಲ್ಲಿ ಯಾರಿಲ್ಲ ಅನ್ನೋದನ್ನು ನಮ್ಮ ಮಂದಿ ಯಾರಿದ್ದಾರೆ ಅನ್ನೋದಕ್ಕಿಂತ ಬೇಗ ಗುರುತಿಸುತ್ತಾರೆ.

ಪಕ್ಷ ಬದಲಾವಣೆ ಬಂದರಂತೂ ಡಿಸೈನರ್‌ಗೆ ಪೂರ್ತಿ ಕೆಲಸ. ಕರಡಿ ಸಂಗಣ್ಣ ಅವರನ್ನೇ ತಗೊಳ್ಳಿ: ಜೆಡಿಎಸ್ ಶಾಸಕರಾಗಿದ್ದು, 2011ರ ಉಪಚುನಾವಣೆ ಹೊತ್ತಿಗೆ ಬಿಜೆಪಿ, 2014 ಮತ್ತು 2019ರಲ್ಲಿ ಕೊಪ್ಪಳದ ಬಿಜೆಪಿ ಸಂಸದರು, ಟಿಕೆಟ್ ತಪ್ಪಿದ ಮೇಲೆ 2024ರ ಏಪ್ರಿಲ್‌ನಲ್ಲಿ ಕಾಂಗ್ರೆಸ್. ಗಾಲಿ ಜನಾರ್ದನ ರೆಡ್ಡಿ 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, 2023ರಲ್ಲಿ ಗಂಗಾವತಿಯಿಂದ ಗೆದ್ದು, 2024ರ ಮಾರ್ಚ್‌ನಲ್ಲಿ ಪಕ್ಷವನ್ನೇ ಬಿಜೆಪಿಗೆ ಸೇರಿಸಿದರು. ಕೈ ಮುಗಿದ ಮುಖ್ಯ ಲೇಯರ್ ಹಾಗೇ ಇರುತ್ತದೆ. ಹಿಂದಿನ ಬಣ್ಣ, ಮೇಲಿನ ಸಾಲು ಬದಲಾದರೆ ಆಯಿತು. ಯಾವುದೇ ಊರಿನ ಫ್ಲೆಕ್ಸ್ ಡಿಸೈನರ್ ತನ್ನ ಹಳೆಯ ಫೈಲುಗಳನ್ನು ಸಾಲಾಗಿ ತೆರೆದು ತೋರಿಸಿದರೆ, ಅದಕ್ಕಿಂತ ಒಳ್ಳೆಯ ರಾಜಕೀಯ ಇತಿಹಾಸದ ಪುಸ್ತಕ ಬೇಡ.

ಮುಖಗಳ ಸುತ್ತ ದಪ್ಪ ಬಿಳಿ ಗೆರೆ ಯಾಕೆ ಇರುತ್ತೆ ಅಂತ ಹಲವರು ಕೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿ, ಅಂಚು ಮಸುಕಾಗಿರುತ್ತದೆ. ಕತ್ತರಿಸಿದರೆ ಹಿಂದಿನ ಗೋಡೆಯ ಹಸಿರೋ ಕುರ್ಚಿಯ ಕೆಂಪೋ ಅಂಚಿಗೆ ಮೆತ್ತಿಕೊಂಡು ಬರುತ್ತದೆ. ಬಿಳಿ ಗೆರೆ ಎಳೆದರೆ ಆ ಕೊಳೆ ಮುಚ್ಚಿಹೋಗುತ್ತದೆ, ದೂರದಿಂದ ಮುಖ ಎದ್ದು ಕಾಣುತ್ತದೆ. ಬೇಗ ಕೆಲಸ ಮುಗಿಸಲು ಮಾಡಿದ ಉಪಾಯ ಈಗ ಒಂದು ಶೈಲಿಯೇ ಆಗಿದೆ. ಟ್ರೋಲ್ ಪೇಜಿನವರು ಫ್ಲೆಕ್ಸನ್ನು ಅಣಕಿಸುವಾಗ ಮೊದಲು ಎಳೆಯೋದೂ ಈ ಬಿಳಿ ಗೆರೆಯನ್ನೇ.

ನಗು ಹುಟ್ಟುವ ಜಾಗ

2021ರ ಜನವರಿ 20ರಂದು ವಾಷಿಂಗ್ಟನ್‌ನಲ್ಲಿ ಬೈಡನ್ ಪ್ರಮಾಣವಚನಕ್ಕೆ ಬಂದ ಬರ್ನಿ ಸ್ಯಾಂಡರ್ಸ್ ಚಳಿಗೆ ಉಣ್ಣೆಯ ಕೈಗವಸು ಹಾಕಿ, ಕಾಲ ಮೇಲೆ ಕಾಲು ಹಾಕಿ, ಮಡಚುವ ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ಎಎಫ್‌ಪಿ ಛಾಯಾಗ್ರಾಹಕ ತೆಗೆದ ಆ ಫೋಟೊದಿಂದ ಅವರನ್ನು ಕತ್ತರಿಸಿ ಮಂದಿ ಚಂದ್ರನ ಮೇಲೆ, ಸಿನಿಮಾ ಪೋಸ್ಟರಿನಲ್ಲಿ, ತಮ್ಮ ಮನೆಯ ಕಟ್ಟೆಯ ಮೇಲೆ, ಎಲ್ಲೆಲ್ಲೂ ಕೂರಿಸಿದರು. ಆ ಮನುಷ್ಯನ ಭಂಗಿ ಎಲ್ಲಿಟ್ಟರೂ 'ಇದೆಲ್ಲ ನನಗ್ಯಾಕೆ' ಅನ್ನುವಂತಿತ್ತು. ಸ್ಯಾಂಡರ್ಸ್ ಕೇಸು ಹಾಕಲಿಲ್ಲ. ಅದೇ ಚಿತ್ರವಿದ್ದ ಉಡುಪು ಮಾರಿ, ಬಂದ ಸುಮಾರು 18 ಲಕ್ಷ ಡಾಲರನ್ನು ತಮ್ಮ ರಾಜ್ಯದ ದತ್ತಿ ಸಂಸ್ಥೆಗಳಿಗೆ ಕೊಟ್ಟರು.

ನಮ್ಮ ಕಡೆ ಈ ಕೆಲಸಕ್ಕೆ ಹೆಚ್ಚು ಸಿಗೋದು ಬ್ರಹ್ಮಾನಂದಂ, ಸಾಧು ಕೋಕಿಲ ಅವರ ಮುಖ. ತೆಲುಗು ಸಿನಿಮಾ ಗಂಗಾವತಿಯ ಕ್ಯಾಂಪ್‌ಗಳಲ್ಲಿ ಮನೆಮಾತಾದ್ದರಿಂದ ಬ್ರಹ್ಮಾನಂದಂ ಇಲ್ಲಿ ಹೊರಗಿನವರೇ ಅಲ್ಲ. ಕೆಲಸ ಮಾಡುವ ಕಟೌಟ್‌ಗೆ ಒಂದು ಗುಣ ಇರಬೇಕು: ಹಿನ್ನೆಲೆ ಹೋದಮೇಲೂ ಭಂಗಿ ಮಾತಾಡಬೇಕು. ಭಾಷಣದಲ್ಲಿ ಬೆರಳು ತೋರಿಸುತ್ತಿರುವ ಸಚಿವರನ್ನು ಎತ್ತಿ ತೆಗ್ಗು ಬಿದ್ದ ರಸ್ತೆಯ ಪಕ್ಕ ನಿಲ್ಲಿಸಿದರೆ, ಆ ಬೆರಳು ತಾನಾಗೇ ತೆಗ್ಗು ತೋರಿಸುತ್ತದೆ. ಅಲ್ಲಿ ಬರಹ ಯಾಕೆ ಬೇಕು? ನಮ್ಮ ಬಹಳಷ್ಟು ಟ್ರೋಲ್‌ಗಳು ಸೋಲೋದು ಇಲ್ಲೇ: ಚಿತ್ರ ಹೇಳಿ ಮುಗಿಸಿದ್ದನ್ನು ಮೇಲೆ ಎರಡು ಸಾಲು, ಕೆಳಗೆ ಎರಡು ಸಾಲು ಬರೆದು ಕೆಡಿಸುತ್ತಾರೆ. ಇನ್ನೊಂದು ಮಾತು, ಕತ್ತರಿ ಕೆಲಸ ಒರಟಾಗಿದ್ದಷ್ಟೂ ತಮಾಷೆ ಹೆಚ್ಚು. ಕಿವಿ ಅರ್ಧ ಹೋಗಿರಲಿ, ನೆರಳು ಇಲ್ಲದಿರಲಿ. ಅದನ್ನು ನೋಡಿದ ಯಾರೂ ಆ ಸಚಿವರು ನಿಜಕ್ಕೂ ತೆಗ್ಗಿನ ಹತ್ತಿರ ಹೋಗಿದ್ದರು ಅಂತ ತಿಳಿಯೋದಿಲ್ಲ. ಅಂಚನ್ನು ತಿದ್ದಿ, ನೆರಳು ಕೂಡಿಸಿ, ಬೆಳಕು ಹೊಂದಿಸಲು ಯಾರಾದರೂ ಒಂದು ಗಂಟೆ ಕಳೆದಿದ್ದಾರೆ ಅಂದರೆ, ಅವರ ಉದ್ದೇಶ ನಗಿಸೋದು ಹೌದೋ ಅಲ್ಲವೋ ಅಂತ ಅನುಮಾನ ಪಡುವುದು ಒಳ್ಳೆಯದು.

ಕರ್ನಾಟಕದ ಚುನಾವಣಾ ರಾಜಕೀಯದಲ್ಲಿ ಕಟೌಟ್ ಹಾಸ್ಯದ ದೊಡ್ಡ ದಾಳಿ 2022ರ ಸೆಪ್ಟೆಂಬರ್‌ನ 'ಪೇಸಿಎಂ'. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವನ್ನು ಕ್ಯೂಆರ್ ಕೋಡಿನೊಳಗೆ ಕೂರಿಸಿದ ಪೋಸ್ಟರ್‌ಗಳು ಬೆಂಗಳೂರಿನ ಗೋಡೆಗಳ ಮೇಲೆ ಬಂದವು, ಸ್ಕ್ಯಾನ್ ಮಾಡಿದರೆ ಕಾಂಗ್ರೆಸ್‌ನ 40% ಕಮಿಷನ್ ಆರೋಪದ ಪುಟ. ಅಂಟಿಸಿದವರ ಮೇಲೆ ಕೇಸಾಯಿತು. ಅದೇ ಪ್ರಚಾರದಲ್ಲಿ ತನ್ನ ಅನುಮತಿ ಇಲ್ಲದೆ ತನ್ನ ಮುಖ ಬಳಸಿದ್ದಾರೆ ಅಂತ ನಟರೊಬ್ಬರು ಸಾರ್ವಜನಿಕವಾಗಿ ಆಕ್ಷೇಪಿಸಿದರು. ಮುಖ್ಯಮಂತ್ರಿಯ ಮುಖ ಎತ್ತಿಕೊಳ್ಳೋದು ರಾಜಕೀಯ ಟೀಕೆ. ಏನೂ ಸಂಬಂಧವಿಲ್ಲದ ಒಬ್ಬನ ಮುಖ ಎತ್ತಿಕೊಳ್ಳೋದು ಕಳ್ಳತನ. ಈ ಗೆರೆ ದಾಟಿದ್ದು ನಗುವವರ ಪಾಳಯವೇ ಅನ್ನೋದನ್ನು ಮರೆಯಬಾರದು.

ಅಳಿಸುವವರು

ಈಗ ಇದರ ಕಪ್ಪು ಬದಿ. ಮಾಸ್ಕೋ ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕ ನಡೆಯುತ್ತಿದ್ದ ಪೊಲೀಸ್ ಮುಖ್ಯಸ್ಥ ಯೆಝೋವ್, 1940ರಲ್ಲಿ ಗುಂಡಿಗೆ ಬಲಿಯಾದ ಮೇಲೆ ಫೋಟೊದಿಂದಲೂ ಮಾಯವಾದ. ಅವನಿದ್ದ ಜಾಗಕ್ಕೆ ನೀರು ಬಂತು. ಬ್ಲೇಡು, ಬ್ರಷ್ಷು, ಮಸಿಯಿಂದ ಮಾಡಿದ ಕೆಲಸ ಅದು. ನಮ್ಮಲ್ಲಿ ಇಷ್ಟು ಕ್ರೂರವಾಗಿ ಆಗದಿರಬಹುದು, ಆದರೆ ಅಭ್ಯಾಸ ಪರಿಚಯದ್ದೇ. 2021ರ ಆಗಸ್ಟ್‌ನಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಮಂಡಳಿ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ ಮಾಡಿದ ಪೋಸ್ಟರಿನಲ್ಲಿ ನೆಹರೂ ಇರಲಿಲ್ಲ. ಮರುವರ್ಷ, 2022ರ ಆಗಸ್ಟ್ 14ರಂದು ಕರ್ನಾಟಕ ಸರ್ಕಾರ ಪತ್ರಿಕೆಗಳಿಗೆ ಕೊಟ್ಟ ಜಾಹೀರಾತಿನ ಹೋರಾಟಗಾರರ ಸಾಲಿನಲ್ಲಿ ಸಾವರ್ಕರ್ ಇದ್ದರು, ನೆಹರೂ ಮತ್ತೆ ಇಲ್ಲ. ಇಲ್ಲಿ ಯಾರನ್ನೂ ಅಳಿಸಬೇಕಾಗಲಿಲ್ಲ, ಆ ಲೇಯರ್ ಸೇರಿಸದೇ ಬಿಟ್ಟರೆ ಸಾಕಿತ್ತು.

ಅಂಟಿಸಿದ್ದೂ ಉಂಟು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಪ್ರವಾಹವನ್ನು ಪ್ರಧಾನಿ ವಿಮಾನದಿಂದ ನೋಡುತ್ತಿರುವ ಫೋಟೊ ಹಾಕುವಾಗ ಕೇಂದ್ರದ ಪಿಐಬಿ, ಕಿಟಕಿಯೊಳಗೆ ಮುಳುಗಿದ ಊರಿನ ಇನ್ನೊಂದು ಚಿತ್ರ ಕೂರಿಸಿತು. ಅದನ್ನು ಹಿಡಿದವರು ಸಾಮಾನ್ಯ ನೋಡುಗರು. ಪಿಐಬಿ ಫೋಟೊ ತೆಗೆದುಹಾಕಿತು. ಮುಂದಿನ ಕೆಲವು ದಿನ ಆ ಕಿಟಕಿಯೊಳಗೆ ಮಂದಿ ಏನೇನೆಲ್ಲ ಕೂರಿಸಿದರು ಅನ್ನೋದು ಗೊತ್ತಿರುವವರಿಗೆ ಗೊತ್ತು. ಸರ್ಕಾರಿ ಕಚೇರಿಯ ಎಡಿಟಿಂಗ್‌ಗೆ ಯಾರ ಮೇಲೂ ಎಫ್‌ಐಆರ್ ಆದ ಸುದ್ದಿ ಬರಲಿಲ್ಲ.

ಎಫ್‌ಐಆರ್ ಯಾರ ಮೇಲೆ

ಜಾಧವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ 2012ರ ಏಪ್ರಿಲ್‌ನಲ್ಲಿ ಒಂದು ಕೊಲಾಜ್ ಅನ್ನು ಇಮೇಲ್‌ನಲ್ಲಿ ಕಳಿಸಿದರು. ಮಮತಾ ಬ್ಯಾನರ್ಜಿ, ಮುಕುಲ್ ರಾಯ್, ರೈಲ್ವೆ ಸಚಿವ ಸ್ಥಾನ ಕಳೆದುಕೊಂಡ ದಿನೇಶ್ ತ್ರಿವೇದಿ ಅವರ ಫೋಟೊ ಜೋಡಿಸಿ, ಸತ್ಯಜಿತ್ ರಾಯ್ ಸಿನಿಮಾ 'ಸೋನಾರ್ ಕೆಲ್ಲಾ'ದ ಮಾತಿನ ಧಾಟಿಯಲ್ಲಿ ಒಬ್ಬ ಮನುಷ್ಯ ಮಾಯವಾದ ಬಗ್ಗೆ ಮಾಡಿದ ತಮಾಷೆ ಅದು. ಪ್ರಾಧ್ಯಾಪಕರು ಬಂಧನಕ್ಕೊಳಗಾದರು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅಸಾಂವಿಧಾನಿಕ ಅಂತ ಹೊಡೆದುಹಾಕಿತು. ಆದರೂ ಕೇಸು ಪೂರ್ತಿ ಮುಗಿದದ್ದು 2023ರ ಜನವರಿಯಲ್ಲಿ. ಒಂದು ಜೋಕಿಗೆ ಹತ್ತು ವರ್ಷದ ಮೇಲಾಯಿತು. 2019ರಲ್ಲಿ ಅದೇ ಬಂಗಾಳದಲ್ಲಿ ಪ್ರಿಯಾಂಕಾ ಚೋಪ್ರಾ ಫೋಟೊಗೆ ಮಮತಾ ಮುಖ ಅಂಟಿಸಿದ್ದನ್ನು ಹಂಚಿದ ಬಿಜೆಪಿ ಯುವ ಕಾರ್ಯಕರ್ತೆ ಜೈಲಿಗೆ ಹೋದರು, ಸುಪ್ರೀಂ ಕೋರ್ಟಿನಿಂದ ಜಾಮೀನು ತರಬೇಕಾಯಿತು.

ಇದು ಬಂಗಾಳದ ರೋಗ ಅಂದುಕೊಳ್ಳಬೇಡಿ. 2017ರಲ್ಲಿ ಪ್ರಧಾನಿ ಮೋದಿ ಅವರ ಅಸಭ್ಯವಾಗಿ ಎಡಿಟ್ ಮಾಡಿದ ಫೋಟೊ ಗುಂಪಿನಲ್ಲಿ ಬಂತು ಅಂತ ಭಟ್ಕಳ ಭಾಗದ ಆಟೊ ಚಾಲಕ, ವಾಟ್ಸ್‌ಆ್ಯಪ್ ಗ್ರೂಪ್ ಅಡ್ಮಿನ್ ಒಬ್ಬನನ್ನು ಬಂಧಿಸಿದರು. ಆಗ ರಾಜ್ಯದಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ಪಕ್ಷ ಯಾವುದಾದರೂ, ತಮಾಷೆ ಮಾಡಿದವನನ್ನು ಹಿಡಿದು ತರೋದರಲ್ಲಿ ಠಾಣೆಗೆ ಭೇದವಿಲ್ಲ.

ಹಾಗಂತ ಎಲ್ಲ ಎಡಿಟೂ ತಮಾಷೆ ಅನ್ನಲಾಗದು. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆ ಮುಂದೆ ಕಲ್ಲು ತೂರಾಟ ನಡೆದದ್ದು ಒಂದು ವಾಟ್ಸ್‌ಆ್ಯಪ್ ಸ್ಟೇಟಸ್‌ನಿಂದ: ಮಸೀದಿಯ ಮೇಲೆ ಕೇಸರಿ ಧ್ವಜ ಹಾರುವಂತೆ ಎಡಿಟ್ ಮಾಡಿದ ಚಿತ್ರ. ಪೊಲೀಸರು ಗಾಯಗೊಂಡರು, ನೂರಕ್ಕೂ ಹೆಚ್ಚು ಮಂದಿ ಬಂಧನವಾಯಿತು, ಎಷ್ಟೋ ಮನೆಯ ದುಡಿಯುವ ಹುಡುಗರು ತಿಂಗಳುಗಟ್ಟಲೆ ಜೈಲಿನಲ್ಲಿ ಕಳೆದರು. ಆ ಚಿತ್ರದಲ್ಲಿ ಅಧಿಕಾರದಲ್ಲಿರುವ ಯಾರನ್ನೂ ಗೇಲಿ ಮಾಡಿರಲಿಲ್ಲ. ಪಕ್ಕದ ಓಣಿಯವರನ್ನು ಚುಚ್ಚಿ ನೋಡುವುದಷ್ಟೇ ಅದರ ಕೆಲಸ.

ಕಾನೂನಿನ ಮಾತು ಚುಟುಕಾಗಿ. ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಗರಿಷ್ಠ ಎರಡು ವರ್ಷ. ಇದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ಮಾಡುವಂತಿಲ್ಲ, ನೊಂದವರು ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು. ಸಾರ್ವಜನಿಕ ಹುದ್ದೆಯಲ್ಲಿರುವವರ ಸಾರ್ವಜನಿಕ ನಡತೆಯ ಬಗ್ಗೆ ಸದುದ್ದೇಶದ ಅಭಿಪ್ರಾಯಕ್ಕೆ ವಿನಾಯಿತಿ ಇದೆ. ಇದೇ ಕಾರಣಕ್ಕೆ ಮೀಮ್ ಕೇಸುಗಳಲ್ಲಿ ದ್ವೇಷ ಹರಡುವಿಕೆ (196), ಸುಳ್ಳು ಸುದ್ದಿ (353), ಐಟಿ ಕಾಯ್ದೆಯ ಅಶ್ಲೀಲತೆ (67) ಮುಂತಾದ ಕಲಮುಗಳು ಜೊತೆಗೆ ಸೇರಿಕೊಳ್ಳುತ್ತವೆ. ಚುನಾವಣಾ ಪೋಸ್ಟರ್ ಆದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಕಡ್ಡಾಯ. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2025ರ ಜೂನ್‌ನಲ್ಲಿ ಹೊರಬಿದ್ದ ರಾಜ್ಯ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷ ಜೈಲು, 10 ಲಕ್ಷ ದಂಡದವರೆಗೆ ಹೋಗಿದ್ದರು. ವಿಡಂಬನೆ, ಅಣಕಕ್ಕೆ ಅದರಲ್ಲೂ ವಿನಾಯಿತಿ ಬರೆದಿತ್ತು, ಆದರೆ 'ಸಾಮಾನ್ಯ ತಿಳಿವಳಿಕೆಯ ಮನುಷ್ಯ ನಿಜವೆಂದು ನಂಬುವಂತಿರಬಾರದು' ಅನ್ನುವ ಅರ್ಥದ ಷರತ್ತಿನ ಮೇಲೆ. ಆ ಸಾಮಾನ್ಯ ಮನುಷ್ಯ ಯಾರು ಅಂತ ಮೊದಲು ತೀರ್ಮಾನ ಮಾಡೋದು ಠಾಣೆಯ ಪಿಎಸ್‌ಐ. ಸಮಸ್ಯೆ ಇರೋದು ಅಲ್ಲಿ.

ಯಾವ ವಿನಾಯಿತಿಯೂ ಸಲ್ಲದ ಒಂದು ಜಾಗವಿದೆ. ಕಾಲೇಜಿನ ಗ್ರೂಪ್ ಫೋಟೊದಿಂದ ಒಬ್ಬ ಹುಡುಗಿಯನ್ನು ಎತ್ತಿ ಬೇರೆ ಮೈಗೆ ಅಂಟಿಸಿದವನು 'ಸುಮ್ನ ಮಜಾಕ್ ಮಾಡಿದ್ವಿರಿ' ಅಂದರೆ ಅದು ಮಜಾಕ್ ಅಲ್ಲ, ಅಪರಾಧ. ಹೀಗಾದವರು ನಾಚಿಕೊಂಡು ಡಿಲೀಟ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್, ಲಿಂಕ್, ಸಮಯ ಇಟ್ಟುಕೊಳ್ಳಿ. ಜಿಲ್ಲಾ ಕೇಂದ್ರದ ಸಿಇಎನ್ ಠಾಣೆಗೆ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. 2021ರ ಐಟಿ ನಿಯಮಗಳು ಇಂಥ ಎಡಿಟ್ ಚಿತ್ರಗಳ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕು ಅಂತ ಕಂಪನಿಗಳಿಗೆ ಗಡುವು ಹಾಕಿದ್ದವು. ಮನೆಯವರು 'ನೀ ಯಾಕ ಫೋಟೊ ಹಾಕಿದ್ದಿ' ಅಂತ ಶುರು ಮಾಡಿದರೆ ಈ ಸಾಲು ಅವರಿಗೆ ಓದಿಸಿ: ತಪ್ಪು ಕತ್ತರಿ ಹಿಡಿದವನದು.

ಗಂಡಸರನ್ನು ತೆಗೆದು ನೋಡಿದಾಗ

2015ರ ಜನವರಿಯಲ್ಲಿ ಷಾರ್ಲಿ ಎಬ್ಡೊ ಹತ್ಯೆ ಖಂಡಿಸಿ ಪ್ಯಾರಿಸ್‌ನಲ್ಲಿ ವಿಶ್ವ ನಾಯಕರು ತೋಳಿಗೆ ತೋಳು ಹೆಣೆದು ನಡೆದರು. ಇಸ್ರೇಲಿನ ಹಮೆವಾಸೆರ್ ಅನ್ನುವ ಕಟ್ಟಾ ಸಂಪ್ರದಾಯದ ಪತ್ರಿಕೆ ಆ ಫೋಟೊ ಹಾಕುವಾಗ ಹೆಂಗಸರ ಚಿತ್ರ ಬೇಡವೆಂದು ಜರ್ಮನಿಯ ಚಾನ್ಸೆಲರ್ ಅಂಗೆಲಾ ಮರ್ಕೆಲ್ ಅವರನ್ನೇ ಅಳಿಸಿತು. 2011ರಲ್ಲಿ ಬ್ರೂಕ್ಲಿನ್‌ನ ಇಂಥದೇ ಪತ್ರಿಕೆ ಒಬಾಮಾ ಕೂತಿದ್ದ ಶ್ವೇತಭವನದ ಫೋಟೊದಿಂದ ಹಿಲರಿ ಕ್ಲಿಂಟನ್ ಅವರನ್ನು ಅಳಿಸಿತ್ತು. ಪ್ಯಾರಿಸ್ ಫೋಟೊಗೆ ಉತ್ತರ ಕೊಟ್ಟದ್ದು ಐರ್ಲೆಂಡಿನ ವಾಟರ್‌ಫರ್ಡ್ ವಿಸ್ಪರ್ಸ್ ನ್ಯೂಸ್ ಅನ್ನುವ ವಿಡಂಬನೆಯ ತಾಣ. ಅವರು ಅದೇ ಫೋಟೊ ತಗೊಂಡು ಗಂಡಸರನ್ನೆಲ್ಲ ಕತ್ತರಿಸಿ ತೆಗೆದರು. ಅಷ್ಟಗಲದ ಬೀದಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಹೆಂಗಸರು ಮಾತ್ರ ಉಳಿದರು. ಒಂದು ಪತ್ರಿಕೆಯನ್ನು ಗೇಲಿ ಮಾಡಲು ಹೊರಟ ಚಿತ್ರ, ಜಗತ್ತನ್ನು ಆಳುವವರ ಸಾಲಿನಲ್ಲಿ ಹೆಂಗಸರೆಷ್ಟು ಅನ್ನೋದನ್ನೂ ತೋರಿಸಿಬಿಟ್ಟಿತು.

ಇದನ್ನು ನಾವೂ ಮಾಡಬಹುದು. ಕರ್ನಾಟಕದ ಪಂಚಾಯಿತಿಗಳಲ್ಲಿ 2010ರ ತಿದ್ದುಪಡಿಯಿಂದ ಕನಿಷ್ಠ ಅರ್ಧ ಸ್ಥಾನ ಮಹಿಳೆಯರಿಗೆ. ಹಾಗಾಗಿ ನಿಮ್ಮ ಊರಿನ ಫ್ಲೆಕ್ಸಿನ ಅರ್ಧ ಮುಖವಾದರೂ ಅವರದಿರಬೇಕಲ್ಲ? ಒಂದು ಫೋಟೊ ತೆಗೆಯಿರಿ. ಗಂಡಸರ ಮೇಲೆ ಎರೇಸರ್ ಉಜ್ಜಿ. ಯಾರ ಮುಖಕ್ಕೂ ಅವಮಾನ ಆಗೋದಿಲ್ಲ, ಯಾಕಂದರೆ ಅಲ್ಲಿ ಮುಖವೇ ಇರೋದಿಲ್ಲ.

ನಾನು ಯಲಬುರ್ಗಾ ರಸ್ತೆಯಲ್ಲಿ ಕಂಡ ಒಂದು ಫ್ಲೆಕ್ಸಿನ ಮೇಲೆ ಮಾಡಿ ನೋಡಿದೆ. ನೂತನ ಅಧ್ಯಕ್ಷರಿಗೆ ಅಭಿನಂದನೆ ಅಂತ ಇತ್ತು, ಆ ಅಧ್ಯಕ್ಷರು ಮಹಿಳೆ. ನಡುವಿನ ದೊಡ್ಡ ಚಿತ್ರ ಅವರ ಯಜಮಾನರದ್ದು, ಮೊದಲು ಹೋದದ್ದು ಅದೇ. ಆಮೇಲೆ ಮೇಲಿನ ಎರಡು ಸಾಲು, ಆಮೇಲೆ ಕೆಳಗಿನ ಶುಭ ಕೋರುವವರು. ಕೊನೆಗೆ ಕೇಸರಿ ಹಸಿರು ಬಣ್ಣದ ಖಾಲಿ ಬಯಲಿನಲ್ಲಿ ಉಳಿದವರು ಇಬ್ಬರೇ. ಮೇಲಿನ ಮೂಲೆಯಲ್ಲಿ ತಾಯಿ ಭುವನೇಶ್ವರಿ. ಕೆಳಗೆ ಬಲಗಡೆ, ಮುದ್ರಕರ ಮೊಬೈಲ್ ನಂಬರಿನ ಪಕ್ಕ, ಸೆರಗು ಹೊದ್ದು ಎತ್ತಲೋ ನೋಡುತ್ತಿರುವ ಅಧ್ಯಕ್ಷರು. ಯಾವುದೋ ಮದುವೆ ಫೋಟೊದಿಂದ ಎತ್ತಿದ್ದಿರಬೇಕು, ಭುಜದ ಮೇಲೆ ಬಳೆ ತೊಟ್ಟ ಇನ್ಯಾರದೋ ಕೈ ಹಾಗೇ ಇತ್ತು.